ಮರಿಸ್ವಾಮಿಯ ತಳಗಲ್ಲು

“ಬಾಯಿ ಬಿಡ್ತೀಯೋ, ಇಲ್ಲ ದೋಣಿ ಇಳೀತೀಯೋ? ಎರಡರಲ್ಲಿ ಒಂದು ಮಾಡು!” ಎಂದು ಕೂಗಿದೆ.

ನನ್ನ ಗಂಡ ಮರಿಸ್ವಾಮಿ ದೋಣಿಯ ನಡುಹಲಗೆಯ ಮೇಲೆ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ ಕುಳಿತಿದ್ದ. ಹಿಂದೆ ಚುಕ್ಕಾಣಿಯ ಹತ್ತಿರ ನಾನು, ಮುಂದೆ ಹುಟ್ಟು ಹಿಡಿದು ನನ್ನ ತಮ್ಮ ಜವರ, ಅವನ ಪಕ್ಕದಲ್ಲಿ ಬೀಸಣಿಗೆ ಹಿಡಿದು ನಮ್ಮವ್ವ. ನಮ್ಮ ದೋಣಿಕಟ್ಟೆಯ ಪಕ್ಕದ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಮಗಳು ಚಂಪಾ ಬಗ್ಗಿ ದೋಣಿಯ ಪಕ್ಕೆ ನೋಡುತ್ತಿದ್ದಳು.

“ಏನ್ ಹೇಳ್ಲಿ ಹೊನ್ನಿ? ಎಲ್ಲ ಹೇಳಾಯ್ತಲ್ಲ” ಎಂದ.

“ಎಲ್ಲ ಹೇಳಿದ್ರೆ ಗೆರೆ ಯಾಕೆ ನೀರೊಳಗಿದೆ? ಗೆರೆ ಸುಳ್ಳು ಹೇಳ್ತದಾ?”

“ಇನ್ನೂ ನಾಲ್ಕು ಬೆರಳು ಒಳಗಿದೆ ಅವ್ವಾ” ಎಂದಳು ಚಂಪಾ.

“ನಾಲ್ಕು ಬೆರಳು! ನಾಳೆ ಬೆಳಿಗ್ಗೆ ಪಂದ್ಯ! ಮಗಳು ಹುಟ್ಟು ಹಾಕ್ತಾಳೆ, ನೀನು ಕಲ್ಲಿನ ಹಾಗೆ ಕೂತಿದ್ದೀಯ. ಹೊಟ್ಟೇಲಿ ಏನಿಟ್ಕೊಂಡಿದ್ದೀಯೋ ಕಕ್ಕು!”

ನಮ್ಮೂರ ಹೊಳೆಯ ಮೇಲೆ, ಹೇಳದೆ ಉಳಿಸಿಕೊಂಡ ಮಾತಿಗೆ ತೂಕವಿದೆ. ನೆಲದ ಮೇಲಿದ್ದಾಗ ಅದು ಗೊತ್ತಾಗುವುದಿಲ್ಲ. ದೋಣಿ ಹತ್ತಿದರೆ ದೋಣಿ ಇಳಿಯುತ್ತದೆ, ಅಷ್ಟೇ. ಅದಕ್ಕೇ ಎಲ್ಲ ದೋಣಿಗಳ ಪಕ್ಕೆಗೂ ಬಿಳಿ ಗೆರೆ ಬಳಿದಿರುತ್ತಾರೆ. ಗೆರೆ ಮುಳುಗಿದ ದೋಣಿಯನ್ನು ಪಂದ್ಯದ ದಿನ ಕಟ್ಟೆಯಿಂದ ಬಿಡುವುದಿಲ್ಲ. ಬೇರೆ ಊರಿನವರು ನಮ್ಮನ್ನು ಒರಟರು ಅನ್ನುತ್ತಾರೆ. ಮದುವೆ ಮನೆಗೆ ಹೋದರೆ ಪಾಯಸ ಚೆನ್ನಾಗಿಲ್ಲ ಎಂದು ಪಾಯಸ ಮಾಡಿದವಳಿಗೇ ಹೇಳುತ್ತೇವೆ. ಅವಳೂ ಸುಮ್ಮನಿರುವುದಿಲ್ಲ, ನಿನ್ನ ಸೀರೆಯೂ ಚೆನ್ನಾಗಿಲ್ಲ ಎನ್ನುತ್ತಾಳೆ. ಇಬ್ಬರೂ ಸಂಜೆ ಒಂದೇ ದೋಣಿಯಲ್ಲಿ ಹೊಳೆ ದಾಟುತ್ತಾರೆ. ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದೂ ಅದಕ್ಕೇ. ನುಂಗಿಕೊಂಡ ಹೆಸರೂ ತೂಕವೇ. ನಾನು ಇಲ್ಲಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಅಲ್ಲಿ ಮೇಷ್ಟ್ರು ಮಕ್ಕಳಿಂದ ಬೈಸಿಕೊಂಡೇ ಮನೆಗೆ ಹೋಗುತ್ತಿದ್ದರು, ಆಚೆ ದಡದ ಮಕ್ಕಳೂ ಅವರೂ ಒಂದೇ ದೋಣಿಯಲ್ಲಿ ಹೊಳೆ ದಾಟಬೇಕಿತ್ತು.

ವೈಶಾಖದಲ್ಲಿ ನೀರು ನಿಂತಂತಾದಾಗ ಹುಟ್ಟಿನ ಪಂದ್ಯ ನಡೆಯುತ್ತದೆ. ಎಂಟು ಹುಟ್ಟಿನ ಉದ್ದ ದೋಣಿಗಳು ಮೇಲಿನ ತಿರುವಿನಿಂದ ಹೊರಟು ನಡುಗಡ್ಡೆ ಮುಟ್ಟುತ್ತವೆ. ದಡದಿಂದ ನೋಡಿದರೆ ನೀರಲ್ಲಿ ಆಳೆತ್ತರ ಬೆಳೆದ ಆಪುಹುಲ್ಲು ಅಡ್ಡ, ಏನೂ ಕಾಣುವುದಿಲ್ಲ. ನೋಡಬೇಕಾದರೆ ನಡುಗಡ್ಡೆಗೇ ಹೋಗಬೇಕು, ಅದೂ ಮನೆಯವರೆಲ್ಲ ಮನೆಯ ದೋಣಿಯಲ್ಲೇ. ಅದಕ್ಕೇ ಪಂದ್ಯಕ್ಕೆ ಮುಂಚಿನ ತಿಂಗಳೆಲ್ಲ ನಮ್ಮೂರಲ್ಲಿ ಜಗಳದ ತಿಂಗಳು. ಮಧ್ಯಾಹ್ನ ಊಟ ಮುಗಿದ ಮೇಲೆ ಒಂದೊಂದು ಮನೆಯಿಂದಲೂ ಕೂಗು ಕೇಳುತ್ತದೆ. ವರ್ಷವಿಡೀ ಹಿಡಿದಿಟ್ಟದ್ದನ್ನು ಅತ್ತೆ ಸೊಸೆಗೆ, ಸೊಸೆ ಅತ್ತೆಗೆ, ಅಣ್ಣ ತಮ್ಮನಿಗೆ ಅಂದು ಮುಗಿಸುತ್ತಾರೆ. ಮುಗಿದ ಮೇಲೆ ಬುತ್ತಿಗೆ ಏನು ಕಟ್ಟುವುದು ಎಂಬ ಮಾತು ಬರುತ್ತದೆ.

ನನಗೆ ಆ ತಿಂಗಳ ಅಗತ್ಯ ಯಾವತ್ತೂ ಬಂದಿಲ್ಲ. ಬಂದ ಮಾತನ್ನು ಬಂದ ಗಳಿಗೆಯಲ್ಲೇ ಅಂದುಬಿಡುವವಳು ನಾನು. ಮೈ ದಪ್ಪವಿದ್ದರೂ ನಾನು ಹತ್ತಿದರೆ ದೋಣಿ ಅಲುಗುವುದಿಲ್ಲ. ಜವರ ನನ್ನನ್ನು ಹತ್ತಿಮೂಟೆ ಎಂದು ಕರೆಯುತ್ತಾನೆ. ನಮ್ಮಪ್ಪ ದೋಣಿ ಕಟ್ಟುತ್ತಿದ್ದವನು. ಅವನ ನಂತರ ಹಲಗೆಯ ಸಂದಿಗೆ ನಾರು ತುಂಬುವುದು, ರಾಳ ಬಳಿಯುವುದು ಎಲ್ಲ ನಾನೇ ನೋಡಿಕೊಂಡೆ. ಜವರ ಮರ ಕೊಯ್ಯುತ್ತಾನೆ. ಮರಿಸ್ವಾಮಿಯ ಕೆಲಸ ತಳಗಲ್ಲು. ಹೊಸ ದೋಣಿ ನೀರಿಗಿಳಿಯುವ ಮುಂಚೆ ಅದರ ತಳದಲ್ಲಿ ಕಲ್ಲು ಇಡಬೇಕು, ಇಲ್ಲದಿದ್ದರೆ ಒಂದು ಗಾಳಿಗೆ ಮಗುಚುತ್ತದೆ. ಎಷ್ಟು ಕಲ್ಲು, ಯಾವ ಕಡೆ ಎಂಬುದನ್ನು ಅವನು ದೋಣಿಯ ಪಕ್ಕೆಗೆ ಕೈಯಿಟ್ಟು ಹೇಳುತ್ತಿದ್ದ. ಕಲ್ಲನ್ನು ತೊಳೆದು, ಅಂಚು ತಟ್ಟಿ, ಮಗುವನ್ನು ಮಲಗಿಸಿದ ಹಾಗೆ ಇಡುತ್ತಿದ್ದ. ಅವನು ಕಲ್ಲಿನ ಸೀಮೆಯವನು. ಮೇಲಿನ ಬಯಲಿನಲ್ಲಿ ಅವನ ಊರು, ಅಲ್ಲಿ ಹೊಳೆಯಿಲ್ಲ. ನನ್ನನ್ನು ಮದುವೆಯಾಗಿ ಇಲ್ಲಿಗೇ ಅಳಿಯನಾಗಿ ಬಂದ.

ಮದುವೆಯಾದ ಎರಡು ಮೂರು ವರ್ಷ ನಮ್ಮ ಜೊತೆ ನಡುಗಡ್ಡೆಗೆ ಬಂದಿದ್ದ. ಆಮೇಲೆ ದೋಣಿ ಅವನನ್ನು ಹೊರಲಿಲ್ಲ. ಮನೆಯವರೆಲ್ಲ ಹೊರಟಾಗ ಅವನೇ ಇಳಿದು “ನೀವು ಹೋಗಿ, ನಾನು ಹುಣಸೇಮರದ ಹತ್ರ ಇರ್ತೀನಿ” ಅನ್ನುತ್ತಿದ್ದ. ಹಳೆ ಕಟ್ಟೆಯ ಹಿಂದೆ ಒಂದು ಹುಣಸೇಮರವಿದೆ. ಹೊಳೆಯ ಒಂದು ಹನಿಯೂ ಅಲ್ಲಿಗೆ ಕಾಣುವುದಿಲ್ಲ. ಪ್ರತಿ ವರ್ಷ ನಾವು ಸಂಜೆ ವಾಪಸ್ಸು ಬಂದಾಗ ಅಲ್ಲೇ ನಿಂತಿರುತ್ತಿದ್ದ. ಯಾರು ಗೆದ್ದರು ಎಂದು ಕೇಳುತ್ತಿದ್ದ. ಹೇಳುತ್ತಿದ್ದೆವು.

ಈ ವರ್ಷ ಊರಿನ ಹೆಣ್ಣುಮಕ್ಕಳ ದೋಣಿಗೆ ಚಂಪಾಳನ್ನು ತೆಗೆದುಕೊಂಡರು, ಅದೂ ಮುಂದಿನ ಹುಟ್ಟಿಗೆ. ಅವಳ ಎಳೆತ ನೋಡಿಯೇ ಉಳಿದ ಏಳು ಜನ ಎಳೆಯಬೇಕು. ಸುದ್ದಿ ತಂದ ದಿನವೇ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. “ಅಪ್ಪ ನಡುಗಡ್ಡೇಲಿ ನಿಂತಿರಬೇಕು. ಹುಣಸೇಮರದ ಹತ್ರ ಅಲ್ಲ. ನಾನು ತಲೆ ಎತ್ತಿದಾಗ ಕಾಣಬೇಕು. ಇದನ್ನ ಹೇಳದೆ ಇಟ್ಕೊಂಡ್ರೆ ನಮ್ಮ ದೋಣಿ ಭಾರ ಆಗ್ತದೆ, ಅದಕ್ಕೆ ಹೇಳ್ತಿದ್ದೀನಿ.”

ಮರಿಸ್ವಾಮಿ ಮಗಳನ್ನು ನೋಡಿ “ಪ್ರಯತ್ನ ಮಾಡ್ತೀನಿ” ಎಂದ.

ಮಾಡಿದ, ಸುಳ್ಳು ಹೇಳಬಾರದು. ದಿನಾ ಸಂಜೆ ಎಲ್ಲರೂ ಕಾಲುವೆಯ ದೋಣಿಯಲ್ಲಿ ಕೂರುತ್ತಿದ್ದೆವು. ಅವನು ಒಂದೊಂದಾಗಿ ಹೊರಗೆ ಹಾಕುತ್ತಿದ್ದ. ಮೊದಲ ದಿನ ತುಂಬ ಹೊತ್ತು ಯೋಚಿಸಿ “ನಿಮ್ಮನೆ ಸಾರಿಗೆ ಹುಣಸೇಹಣ್ಣು ಜಾಸ್ತಿ” ಎಂದ.

“ನಿಮ್ಮನೆ ಅಂತೆ! ಯಾವ ಮನೇಲಿ ಉಣ್ತಿದ್ದೀಯ ಇಷ್ಟು ವರ್ಷ?” ಎಂದು ನಾನು ಹುಟ್ಟು ಎತ್ತಿದೆ.

“ಹೊಡೀಬೇಡ ಅಕ್ಕ, ಹೊಡೀಬೇಡ! ಗೆರೆ ನೋಡು, ಕೂದಲೆಳೆಯಷ್ಟು ಎದ್ದಿದೆ” ಎಂದು ಜವರ ನಕ್ಕ. “ಭಾವ, ಇನ್ನೂ ಹೇಳು. ನನ್ನ ಬಗ್ಗೆ ಏನಾದ್ರೂ?”

“ನೀನು ಚೌಕಾಬಾರದಲ್ಲಿ ಮೋಸ ಮಾಡ್ತೀಯ.”

“ಅದು ಊರಿಗೇ ಗೊತ್ತು. ತೂಕದ್ದೇನಾದ್ರೂ ಹೇಳು ಅಂದ್ರೆ!”

ಮಾರನೆಯ ದಿನ ನಮ್ಮವ್ವನ ಗೊರಕೆ ಬಂತು. ಅವ್ವ “ನಿನ್ನ ಕಿವಿ ಮುಚ್ಕೊ” ಎಂದಳು. ಅದರ ಮಾರನೆಯ ದಿನ ನನ್ನ ಕೂಗು ಬಂತು, ಅದಕ್ಕೂ ಕೂಗಿದೆ. ಇನ್ನೊಂದು ಸಂಜೆ ಅವನು ನೀರನ್ನೇ ನೋಡುತ್ತ, “ಮಾವ ಸಾಯೋವರೆಗೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಮೇಲಿನೂರೋನೆ ಅಂತಿದ್ದ. ಊರವರೂ ಹಾಗೇ ಅಂತಾರೆ, ಈಗ್ಲೂ” ಎಂದ. ಯಾರೂ ನಗಲಿಲ್ಲ. ದೋಣಿ ಒಂದು ಬೆರಳು ಎದ್ದಿತು. ಚಂಪಾ ಚಪ್ಪಾಳೆ ತಟ್ಟಿದಳು. ನಮ್ಮಪ್ಪ ಹಾಗೆ ಅನ್ನುತ್ತಿದ್ದದ್ದು ನಿಜ. ಅಪ್ಪ ಅಂದದ್ದು ತಪ್ಪು ಎಂದು ನಾನೂ ಅಲ್ಲೇ ಹೇಳಿದೆ.

ಹೀಗೆ ಏರುತ್ತ ಬಂದ ಗೆರೆ ನಾಲ್ಕು ಬೆರಳಿಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮೇಲೆ ಅವನು ಏನು ಹೇಳಿದರೂ, ಉಪ್ಪು, ಚಪ್ಪಲಿ, ಹಾಸಿಗೆ, ಮೀನಿನ ವಾಸನೆ, ಗೆರೆ ಅಲುಗಲಿಲ್ಲ. ಕೊನೆಯದೊಂದು ಒಳಗಿತ್ತು. ಅದು ಅವನಿಗೂ ಗೊತ್ತು, ನಮಗೂ ಗೊತ್ತು.

ಆದರೂ ನಾವು ಹೊರಡುವ ಸಿದ್ಧತೆ ನಿಲ್ಲಿಸಲಿಲ್ಲ. ಅವ್ವ ಹುಳಿಯವಲಕ್ಕಿ ಸಾಕು ಎಂದಳು, ನಾನು ಚಿತ್ರಾನ್ನವೂ ಬೇಕು ಎಂದೆ. ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಡಬ್ಬಿಗೆ ತುಂಬುವುದು, ಕೋಸಂಬರಿಯನ್ನು ಅಲ್ಲೇ ಹೋಗಿ ಕಲಸುವುದು ಎಂದಾಯಿತು. ನಡುಗಡ್ಡೆಯ ಹೊಂಗೆಮರದ ನೆರಳಿಗೆ ಎಲ್ಲರೂ ಬೀಳುತ್ತಾರೆ, ಅದಕ್ಕೇ ಬೆಳಕು ಹರಿಯುವ ಮೊದಲೇ ಹೋಗಿ ಜಮಖಾನ ಹಾಸಬೇಕು ಎಂದ ಜವರ. ಮಜ್ಜಿಗೆ ಮಣ್ಣಿನ ಗಡಿಗೆಯಲ್ಲೇ ಹೋಗಬೇಕು, ಸ್ಟೀಲಿನಲ್ಲಿ ಹುಳಿ ಬರುತ್ತದೆ ಎಂದ ಮರಿಸ್ವಾಮಿ. ಅವನು ಅಷ್ಟು ಹೇಳಿದ್ದೇ ನನಗೆ ಖುಷಿಯಾಗಿತ್ತು. ಅವನಿಗೆಂದು ಬಿಳಿ ಅಂಗಿ ಹೊಲಿಸಿದೆ. ದೂರದಿಂದ ಚಂಪಾಳಿಗೆ ಎದ್ದು ಕಾಣಲಿ ಎಂದು.

ಪಂದ್ಯದ ಹಿಂದಿನ ಸಂಜೆ ನಾನು ಹಾಗೆ ಕೂಗಿದ್ದು ಇಷ್ಟೆಲ್ಲ ಆದ ಮೇಲೆ.

“ಬಿಡೇ ಹೊನ್ನಿ” ಎಂದಳು ಅವ್ವ ಬೀಸಣಿಗೆ ನಿಲ್ಲಿಸಿ. “ಕೆಲವರದ್ದು ಒಳಗಿದ್ರೇ ಚೆನ್ನ. ಅವನು ದಡದಲ್ಲಿರ್ಲಿ.”

“ಬಿಡಲ್ಲ! ಮಗಳು ಬಾಯ್ಬಿಟ್ಟು ಕೇಳಿದ್ದಾಳೆ. ಏಯ್ ಮರಿಸ್ವಾಮಿ, ನಾನು ಸಾಯ್ಲಿ ಅಂತ ಇದ್ಯಾ ಹೊಟ್ಟೇಲಿ? ಇನ್ನೊಬ್ಳು ಇದ್ದಾಳಾ? ಅದನ್ನೇ ಹೇಳು! ನಾನೇನು ಕರಗಿ ಹೋಗಲ್ಲ.”

“ಹಾಗೇನಿಲ್ಲ.”

“ಮತ್ತೇನು?”

ಅವನು ಮಗಳ ಕಡೆ ನೋಡಿದ. ಚಂಪಾ ತಲೆ ಅಲ್ಲಾಡಿಸಿದಳು. ಹೇಳು ಎಂದೋ ಬೇಡ ಎಂದೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವಳನ್ನು ಕೇಳಿಲ್ಲ.

“ನನಗೆ ಇಲ್ಲಿರೋಕೆ ಇಷ್ಟ ಇಲ್ಲ” ಎಂದ ಮರಿಸ್ವಾಮಿ. “ಬಂದ ದಿನದಿಂದ ಇಷ್ಟ ಇಲ್ಲ. ಯಾರ ಮೇಲೂ ಸಿಟ್ಟಿಲ್ಲ. ನಿನ್ನ ಮೇಲೂ ಇಲ್ಲ. ದಿನಾ ಬೆಳಿಗ್ಗೆ ಎದ್ದಾಗ, ಇವತ್ತು ಹೋಗೋಣ ಅನ್ಸುತ್ತೆ. ಇವತ್ತು ಬೇಡ, ನಾಳೆ ಅಂದ್ಕೊಂಡು ಕಲ್ಲು ತೊಳೀತೀನಿ.”

ದೋಣಿ ಮೆಲ್ಲಗೆ, ಮಲಗಿದ್ದ ದನ ಏಳುವ ಹಾಗೆ, ಎದ್ದಿತು. ನಾಲ್ಕು ಬೆರಳಲ್ಲ, ಒಂದು ಗೇಣು. ಬಿಳಿ ಗೆರೆ ಪೂರ್ತಿ ಹೊರಗೆ ಬಂದು ಅದರಿಂದ ನೀರು ತೊಟ್ಟಿಕ್ಕಿತು. “ಎದ್ದಿತು! ಅಪ್ಪಾ, ಎದ್ದಿತು!” ಎಂದು ಕೂಗಿದ ಚಂಪಾ, ಆಮೇಲೆ ತಂದೆಯ ಮಾತು ಈಗ ಕೇಳಿಸಿತೋ ಎಂಬಂತೆ ಬಾಯಿ ಮುಚ್ಚಿಕೊಂಡಳು.

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಮಾತಿಗೆ ತಡವಾದದ್ದು ಯಾವತ್ತೂ ಇಲ್ಲ. “ಇಷ್ಟೇನಾ?” ಎಂದೆ. “ಇದಕ್ಕಾ ಇಷ್ಟು ವರ್ಷ ಆ ಮರದ ಕೆಳಗೆ ನಿಂತಿದ್ದು? ನಂಗೂ ಈ ಊರು ಇಷ್ಟ ಇಲ್ಲ. ಯಾರಿಗಿದೆ? ಏಳು, ಮಾವಿನಕಾಯಿ ಹೆಚ್ಚಬೇಕು.”

ಜವರ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಮರಿಸ್ವಾಮಿಯೂ ನಕ್ಕ. ನಮ್ಮೂರಲ್ಲಿ ಹಾಗೇ. ಮಾತು ಹೊರಗೆ ಬಂದರೆ ಮುಗಿಯಿತು, ಅದರ ಕೆಲಸ ಆಯಿತು ಎಂದು ಲೆಕ್ಕ. ಹೊರಗೆ ಬಂದ ಮಾತು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ದೋಣಿ ಎಷ್ಟು ಹಗುರಾಗಿತ್ತೆಂದರೆ ಅವ್ವ ಇಳಿಯುವಾಗ ಓಲಾಡಿತು. “ತಳಗಲ್ಲು ಕಮ್ಮಿಯಾಯ್ತು. ನಾನು ನೋಡ್ಕೋತೀನಿ” ಎಂದ ಮರಿಸ್ವಾಮಿ.

ಆ ಸಂಜೆ ಅವನು ಮಾತಾಡಿದ ಹಾಗೆ ಯಾವತ್ತೂ ಮಾತಾಡಿರಲಿಲ್ಲ. ಮಾವಿನಕಾಯಿ ಹೆಚ್ಚುತ್ತ ತನ್ನ ಊರಿನ ಬಾವಿಯ ವಿಷಯ ಹೇಳಿದ. ಅಲ್ಲಿ ಕೊಡ ಬಿಟ್ಟರೆ ಹಗ್ಗ ಓಡುತ್ತಲೇ ಇರುತ್ತದಂತೆ, ನೀರು ಮುಟ್ಟಿದ ಸದ್ದು ಬರುವಷ್ಟರಲ್ಲಿ ಹೆಂಗಸರು ಒಂದು ಮಾತು ಆಡಿ ಮುಗಿಸುತ್ತಾರಂತೆ. ಬಯಲಿನಲ್ಲಿ ಸಂಜೆ ಬಂಡೆ ಬೆಚ್ಚಗಿರುತ್ತದೆ, ಅದಕ್ಕೆ ಬೆನ್ನು ಕೊಟ್ಟು ಕೂರಬಹುದು ಎಂದ. ಚಂಪಾ ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದಳು. ನಾನು ಒಗ್ಗರಣೆ ಹಾಕುತ್ತ, ನೋಡು, ಬಾಯಿ ಬಿಡಿಸಿದ್ದಕ್ಕೆ ಮನುಷ್ಯನಾದ ಎಂದು ಅವ್ವನಿಗೆ ಹೇಳಿದೆ.

ಬೆಳಿಗ್ಗೆ ಚಂಪಾ ತನ್ನ ತಂಡದ ಜೊತೆ ಮೊದಲೇ ಹೋದಳು. ಹೋಗುವಾಗ ಅಪ್ಪನ ಹೊಸ ಅಂಗಿಯ ಕಾಲರು ಸರಿಮಾಡಿ, “ಹೊಂಗೆಮರದ ಕೆಳಗೆ ಕೂರಬೇಡ, ನೆರಳಲ್ಲಿ ಕಾಣಲ್ಲ. ಬಿಸಿಲಲ್ಲಿ ನಿಲ್ಲು” ಎಂದಳು. ಅವನು ಅವಳ ಅಂಗೈ ಹಿಡಿದು ಹುಟ್ಟಿನಿಂದಾದ ಗಂಟುಗಳನ್ನು ಹೆಬ್ಬೆರಳಿಂದ ಒತ್ತಿ ನೋಡಿದ. “ಗಟ್ಟಿಯಾಗಿದೆ” ಎಂದ.

ಬುತ್ತಿ, ಜಮಖಾನ, ಅವ್ವನ ಕೊಡೆ ಎಲ್ಲವನ್ನೂ ಅವನೇ ಹೊತ್ತು ದೋಣಿಗಿಟ್ಟ. ಅವ್ವನನ್ನು ಕೈಹಿಡಿದು ಹತ್ತಿಸಿದ. ನಾವು ಮೂವರೂ ಕುಳಿತೆವು. ಅವನು ಒಂದು ಕಾಲು ಒಳಗಿಟ್ಟವನು ನಿಂತು, “ಮಜ್ಜಿಗೆ ಗಡಿಗೆ ಮರೆತೆ. ತರ್ತೀನಿ” ಎಂದ.

“ಮರೀದೆ ಇನ್ನೇನು ಮಾಡ್ತೀಯ! ಬೇಗ ಬಾ, ನೆರಳು ಹೋಗ್ತದೆ” ಎಂದೆ.

ಅವನು ಹಿತ್ತಿಲ ಬಾಗಿಲಿಂದ ಮನೆಯೊಳಗೆ ಹೋದ. ಮುಂಬಾಗಿಲ ಅಗುಳಿಯ ಸದ್ದು ಕೇಳಿಸಿತು. ನಾವು ಕಾದೆವು. ಅಕ್ಕಪಕ್ಕದ ಮನೆಯ ದೋಣಿಗಳೆಲ್ಲ ಗೆರೆ ತೋರಿಸುತ್ತ, ನಮ್ಮನ್ನು ಕೂಗುತ್ತ ಹೊರಟುಹೋದವು. ಮೇಲಿನ ತಿರುವಿನಲ್ಲಿ ತಮಟೆ ಶುರುವಾಯಿತು. ಜವರ ಮನೆಯೊಳಗೆ ಹೋಗಿ ನೋಡಿ ಬಂದ.

“ಇಲ್ಲ. ಗಡಿಗೇನೂ ಇಲ್ಲ.”

“ಅಂಗಡಿ ಹತ್ರ ಹೋಗಿರ್ತಾನೆ” ಎಂದೆ.

ಜವರ ದೋಣಿ ಹತ್ತಲು ಹೋದವನು ನಿಂತುಬಿಟ್ಟ. “ಅಕ್ಕ, ಭಾವ ಕೂರೋ ಕಡೆ ಖಾಲಿ ಇದೆ. ದೋಣಿ ನಿನ್ನೆ ಹಾಗೆ ಓಲಾಡಬೇಕಿತ್ತಲ್ವಾ?”

ಓಲಾಡುತ್ತಿರಲಿಲ್ಲ. ಸಮನಾಗಿ ನಿಂತಿತ್ತು. ಬಗ್ಗಿ ನಡುಹಲಗೆಯ ಕೆಳಗೆ ಕೈ ಹಾಕಿದೆ. ಕಲ್ಲುಗಳು. ತೊಳೆದು, ಅಂಚು ತಟ್ಟಿ, ಅಲುಗದ ಹಾಗೆ ಹಗ್ಗ ಸುತ್ತಿ ಇಟ್ಟಿದ್ದ. ಒಬ್ಬ ಗಂಡಸಿನ ತೂಕದಷ್ಟು.

ಆಗ ದೋಣಿ ಇಳಿಯಿತು. ಮೊದಲು ಜವರ ತೂತು ಬಿದ್ದಿದೆಯೇನೋ ಎಂದು ತಳ ತಡಕಿದ. ನಾನು ನಾರು ತುಂಬಿದ ದೋಣಿ, ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಗೆರೆ ಒದ್ದೆಯಾಯಿತು, ಆಮೇಲೆ ಮುಳುಗಿತು. ಅವ್ವ ಕೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾನು ಬೈಯಲು ಶುರುಮಾಡಿದೆ. ಹೇಡಿ ಎಂದೆ, ಅನ್ನ ತಿಂದ ಮನೆಗೆ ಬೆನ್ನು ತೋರಿಸಿದವನು ಎಂದೆ, ಮಗಳ ಪಂದ್ಯದ ದಿನವೇ ಸಿಕ್ಕಿತಾ ನಿನಗೆ ಎಂದೆ. ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದೆ. ಇನ್ನು ಬೈಯಲು ಮಾತೇ ಉಳಿಯಲಿಲ್ಲ. ದೋಣಿ ಕೂದಲೆಳೆಯಷ್ಟೂ ಏಳಲಿಲ್ಲ.

“ಅದಲ್ಲ ಕಣೇ” ಎಂದಳು ಅವ್ವ.

“ಇನ್ನೇನು ಹೇಳ್ಲಿ?”

“ನಂಗೇನು ಗೊತ್ತು. ಹೊತ್ತಿರೋಳು ನೀನು.”

ತಮಟೆಯ ಪೆಟ್ಟು ಬಿರುಸಾಯಿತು. ಗಂಡಸರ ದೋಣಿಗಳು ಹೊರಟಿರಬೇಕು, ಅವರ ನಂತರ ಹೆಣ್ಣುಮಕ್ಕಳದ್ದು. ನಾನು ಎದ್ದು ಕಟ್ಟೆಯ ಮೇಲೆ ಕಾಲಿಟ್ಟೆ. ನಾನು ಇಳಿದದ್ದೇ ತಡ, ದೋಣಿ ಮೇಲೆ ಬಂತು, ಗೆರೆ ಪೂರ್ತಿ ಕಂಡಿತು.

“ಹೋಗಿ. ಅವಳು ತಲೆ ಎತ್ತಿದಾಗ ಯಾರಾದ್ರೂ ಇರಬೇಕು. ಬಿಸಿಲಲ್ಲಿ ನಿಲ್ಲಿ” ಎಂದೆ.

“ಅಕ್ಕ, ನೀನಿಲ್ದೆ ಯಾವತ್ತು...” ಎಂದ ಜವರ.

“ಹೋಗೋ ಅಂದ್ರೆ!”

ಅವರು ಆಪಿನ ಹಿಂದೆ ಮರೆಯಾದ ಮೇಲೆ ನಾನು ಹಳೆ ಕಟ್ಟೆಯನ್ನು ಬಳಸಿ ಹುಣಸೇಮರದ ಹತ್ತಿರ ಹೋದೆ. ಅಲ್ಲಿಗೆ ನಾನು ಯಾವತ್ತೂ ಹೋಗಿರಲಿಲ್ಲ. ದೋಣಿಯಿಂದ ಇಳಿದು ಅವನನ್ನು ಕೂಗಿ ಕರೆದದ್ದಷ್ಟೇ. ಮರದ ಬುಡದಲ್ಲಿ, ನೆರಳಿರುವ ಕಡೆ, ಮಜ್ಜಿಗೆ ಗಡಿಗೆ ಇತ್ತು. ಬಾಯಿಗೆ ಬಾಳೆಲೆ ಕಟ್ಟಿದ್ದ. ಅದರ ಪಕ್ಕ ನಿಂತು ಅವನು ನಿಲ್ಲುತ್ತಿದ್ದ ಹಾಗೆ ಮರಕ್ಕೆ ಬೆನ್ನು ಕೊಟ್ಟೆ. ಅಲ್ಲಿಂದ ಹೊಳೆ ಕಾಣುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಏನು ಕಾಣುತ್ತದೆ ಎಂದು ನಾವು ಯಾರೂ ಕೇಳಿರಲಿಲ್ಲ. ಮೇಲಿನ ಬಯಲಿಗೆ ಹತ್ತುವ ದಾರಿ ಬುಡದಿಂದ ತುದಿಯವರೆಗೆ ಕಾಣುತ್ತದೆ.

ಅರ್ಧ ಏರಿನಲ್ಲಿ ಬಿಳಿ ಅಂಗಿ ಹೋಗುತ್ತಿತ್ತು. ಓಡುತ್ತಿರಲಿಲ್ಲ. ಕೈಬೀಸಿಕೊಂಡು, ಹೊರೆ ಇಳಿಸಿದವನ ಹಾಗೆ ಹೋಗುತ್ತಿದ್ದ. ನಾನು ಹೊಲಿಸಿದ ಅಂಗಿ ನಿಜಕ್ಕೂ ದೂರದಿಂದ ಎದ್ದು ಕಾಣುತ್ತಿತ್ತು. ನನ್ನ ಗಂಟಲು ಅಲ್ಲಿಯವರೆಗೆ ಕೇಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಾಯಿ ತೆರೆದೆ. ಬೈಗುಳವೆಲ್ಲ ದೋಣಿಯಲ್ಲೇ ಮುಗಿದಿತ್ತು. ಉಳಿದದ್ದನ್ನು ಹೇಗೆ ಹೇಳುವುದು ಎಂದು ನಾನು ಕಲಿತಿರಲಿಲ್ಲ.

ಹಿಂದೆ ಹೊಳೆಯ ಕಡೆಯಿಂದ ಎಂಟು ಹುಟ್ಟು ಒಟ್ಟಿಗೆ ನೀರಿಗೆ ಬೀಳುವ ಸದ್ದು ಬಂತು, ಮತ್ತೆ ಬಂತು, ಹತ್ತಿರವಾಯಿತು, ದಾಟಿ ಹೋಯಿತು. ನಡುಗಡ್ಡೆಯಲ್ಲಿ ಜನ ಕೂಗಿದರು. ನಾನು ತಿರುಗಲಿಲ್ಲ. ಬಿಳಿ ಅಂಗಿ ಏರಿನ ತುದಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಕಂಡಿತು, ಆಮೇಲೆ ಆಚೆಗೆ ಇಳಿಯಿತು. ಸಂಜೆ ಚಂಪಾ ಬಂದು ಕರೆಯುವವರೆಗೂ ಅಲ್ಲೇ ಇದ್ದೆ. ಆ ದಾರಿಯಲ್ಲಿ ಯಾರೂ ಇಳಿದು ಬರಲಿಲ್ಲ.